ಎಂಟನೇ ಸಾಲು

ಮಡಿವಾಳೆಪ್ಪ ಕಾಗದ ಹಿಡಿದುಕೊಂಡು ಅಡಿಗೆಮನೆಯ ಹೊಸ್ತಿಲಿಗೆ ಬಂದಾಗ ಮಹಾದೇವಕ್ಕನ ಎರಡೂ ಕೈ ಜೋಳದ ಹಿಟ್ಟಿನಲ್ಲಿದ್ದವು. ಆಳುಗಳು ಸೇರಿ ಹನ್ನೊಂದು ಮಂದಿಯ ಮನೆ. ಹೊಲಕ್ಕೆ ಹೋಗುವ ಬುತ್ತಿ ಸೇರಿ ಬೆಳಗಿನ ಹೊತ್ತಿಗೆ ನಲವತ್ತು ರೊಟ್ಟಿ ಆಗಬೇಕು. ಇನ್ನೂ ಅರ್ಧ ಉಳಿದಿದ್ದವು.

"ವೈನಿ, ಇಲ್ಲೊಂದು ಸಹಿ ಮಾಡು. ಕುಂದಗೋಳದ ಬಸ್ಸಿಗೆ ಹೊತ್ತಾಗೇತಿ."

"ಓದು."

"ಏನ ಓದೂದೈತಿ ಇದರಾಗ? ಅಪ್ಪ ಮಾಡಿಟ್ಟ ಟ್ರಸ್ಟ್ ಮುಗಸೂದು, ಅಷ್ಟ."

"ಆ ಅಷ್ಟನ್ನ ಓದು."

ಮಡಿವಾಳೆಪ್ಪನಿಗೆ ನಲವತ್ತಾರು ವರ್ಷ. ಈ ಮನೆಯಲ್ಲಿ ಅವನಿಗೆ ಎದುರು ಹೇಳುವವರು ಯಾರೂ ಇರಲಿಲ್ಲ. ಅಣ್ಣನ ಹೆಂಡತಿಯಾದ ಈ ವೈನಿ ಎದುರು ಹೇಳುತ್ತಾಳೆಂದು ಅವನು ಎಣಿಸಿಯೂ ಇರಲಿಲ್ಲ. ಹಂಚಿನ ಮೇಲಿನ ರೊಟ್ಟಿ ನೋಡಿ, ಕಾಗದ ಮಡಚಿ ಅಂಗಿಯ ಕಿಸೆಗೆ ಹಾಕಿಕೊಂಡು ಹೋದ. ಅವನ ಹೆಂಡತಿ ಅನ್ನವ್ವ ಮಹಾದೇವಕ್ಕನ ಹಿಂದೆ ನಿಂತು ಕೆಂಪು ಚಟ್ನಿ ಕುಟ್ಟುತ್ತಿದ್ದಳು. ಒನಕೆ ಒಂದು ಕ್ಷಣ ನಿಂತು ಮತ್ತೆ ಬೀಳತೊಡಗಿತು. ಮಹಾದೇವಕ್ಕ ರೊಟ್ಟಿ ತಿರುವಿದಳು. ಅವಳಿಗಾಗ ಐವತ್ತೆರಡು.

ತಿರ್ಲಾಪುರದಿಂದ ಯರಗುಪ್ಪಿಯ ಈ ಮನೆಗೆ ಹಿರಿಯ ಸೊಸೆಯಾಗಿ ಬಂದಾಗ ಅವಳಿಗೆ ಹದಿನೈದು ವರ್ಷ. ಅತ್ತೆ ತೀರಿಕೊಂಡು ಆಗಲೇ ವರ್ಷವಾಗಿತ್ತು. ಮೈದುನರಲ್ಲಿ ಮಡಿವಾಳೆಪ್ಪ ಒಂಬತ್ತು ವರ್ಷದವನು, ವಿರೂಪಾಕ್ಷಪ್ಪ ಮೂರು ವರ್ಷದವನು. ಬಂದ ಮರುದಿನದಿಂದಲೇ ಒಬ್ಬನ ತಲೆಯ ಹೇನು ತೆಗೆಯುವುದು, ಇನ್ನೊಬ್ಬನ ಕುಂಡೆ ತೊಳೆಯುವುದು ಅವಳ ಪಾಲಿಗೆ ಬಂತು. ನಸುಕಿನಲ್ಲಿ ಬೀಸುವುದು, ಕೆರೆಯಿಂದ ನೀರು ತರುವುದು, ಸಗಣಿ ಬಾಚುವುದು, ರೊಟ್ಟಿ, ಮತ್ತೆ ನೀರು, ಮತ್ತೆ ರೊಟ್ಟಿ. ಗಂಡ ಸೋಮಲಿಂಗಪ್ಪ ಮದುವೆಯಾದ ಎಂಟನೆಯ ವರ್ಷ ಹೊಟ್ಟೆಶೂಲೆಯಿಂದ ಸತ್ತ. ಮಕ್ಕಳಾಗಿರಲಿಲ್ಲ.

ಅವನು ಸತ್ತು ತಿಂಗಳು ತುಂಬುವುದರೊಳಗೆ ಮಾವ ಶಂಭುಲಿಂಗಪ್ಪ ಕುಂದಗೋಳದಿಂದ ಒಂದು ಕಾಗದ ಬರೆಸಿಕೊಂಡು ಬಂದಿದ್ದ. ಮಹಾದೇವಕ್ಕ ಮೂರನೆಯ ಇಯತ್ತೆ ಓದಿದವಳು, ಹೆಸರು ಬರೆಯಲು ಬರುತ್ತಿತ್ತು. ಮಾವ ಬೆರಳಿಟ್ಟು ತೋರಿಸಿದ ಜಾಗದಲ್ಲಿ ಬರೆದಳು. ಗಂಡನ ಪಾಲು ವಿಧವೆಗೂ ಸೇರುತ್ತದೆಂಬ ಕಾಯ್ದೆ ಆಗಷ್ಟೇ ಬಂದಿತ್ತು. ತಾನು ಬರೆದುಕೊಟ್ಟದ್ದು ಆ ಪಾಲನ್ನು ಬಿಟ್ಟ ಪತ್ರ ಎಂಬುದು ಅವಳಿಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ, ಊರ ಹೆಂಗಸರ ಬಾಯಿಂದ.

ಮುದುಕನಿಗೆ ಆ ಕಾಗದ ಒಳಗೆ ಚುಚ್ಚುತ್ತಿತ್ತೋ ಏನೋ, ಬಾಯಿ ಬಿಟ್ಟು ಹೇಳಲಿಲ್ಲ. ಆದರೆ 1969ರಲ್ಲಿ, ತಾನು ಸತ್ತ ಮರುದಿನವೇ ಇಬ್ಬರೂ ಮಕ್ಕಳು ಹೊಲ ಹರಿದು ಹಂಚಿಕೊಂಡು ಮಾರಿಯಾರೆಂದು ಹೆದರಿ, ಇಪ್ಪತ್ತನಾಲ್ಕು ಎಕರೆ ಹೊಲವನ್ನೂ ಮನೆಯನ್ನೂ ಒಂದು ಟ್ರಸ್ಟಿಗೆ ಬರೆದ. ಇಪ್ಪತ್ತೈದು ವರ್ಷ ಯಾರೂ ಒಡೆಯುವಂತಿಲ್ಲ. ಆಡಳಿತ ಮಡಿವಾಳೆಪ್ಪನದು, ಬಂದ ಬೆಳೆಯಲ್ಲಿ ಇಬ್ಬರಿಗೂ ಸಮಪಾಲು. ಮಹಾದೇವಕ್ಕನಿಗೆ ಇರಲು ಒಂದು ಕೋಣೆ, ಅನ್ನ, ಬಟ್ಟೆ. ಅದರ ಕೆಳಗೆ ಇನ್ನೊಂದು ಸಾಲು ಬರೆಸಿದ್ದ: ಸದರಿ ಹೊಲಗಳಲ್ಲಿ ಬೆಳೆಯುವ ಅಕ್ಕಡಿ ಪೂರ್ತಿ ಮಹಾದೇವಕ್ಕಳಿಗೆ ಸೇರತಕ್ಕದ್ದು.

ಅಕ್ಕಡಿ ಅಂದರೆ ಜೋಳದ ಸಾಲುಗಳ ನಡುವೆ ಬಿತ್ತುವ ಕುಸುಬೆ, ಕಡಲೆ, ಅಗಸೆ. ಎರೆಹೊಲದ ಕಡೆ ಅದು ಮೊದಲಿನಿಂದ ಹೆಂಗಸರದು. ಗಂಡಸು ಕೂರಿಗೆ ಹೊಡೆಯುತ್ತಾನೆ. ಬೀಜ ಇಳಿಯುವ ಅದರ ತಾಳುಗಳಲ್ಲಿ ಒಂದರಲ್ಲಿ ಜೋಳ ಬೀಳದಂತೆ ಬಟ್ಟೆ ತುರುಕಿ, ಅದರ ಹಿಂದೆ ಬೇರೆ ಬಿದಿರ ಕೊಳವೆ ಕಟ್ಟಿರುತ್ತಾರೆ. ಉಡಿಯಲ್ಲಿ ಬೀಜ ಕಟ್ಟಿಕೊಂಡ ಹೆಂಗಸು ಅದರಲ್ಲಿ ಕಾಳು ಬಿಡುತ್ತ ಹೊಲದ ಈ ತುದಿಯಿಂದ ಆ ತುದಿಗೆ ನಡೆಯುತ್ತಾಳೆ. ಬಿತ್ತುವುದು, ಕಳೆ ತೆಗೆಯುವುದು, ಕೀಳುವುದು, ಬಡಿಯುವುದು, ಬೂದಿ ಬೆರೆಸಿ ಬೀಜಕ್ಕೆ ಇಡುವುದು, ಎಲ್ಲ ಅವಳದೇ. ಗಂಡಸರು ಅದನ್ನು ಬೆಳೆ ಎಂದು ಲೆಕ್ಕಕ್ಕೆ ಹಿಡಿಯುವುದಿಲ್ಲ. ಇಂಥ ಚಿಲ್ಲರೆಯನ್ನೂ ಬರೆಯಬೇಕೇನ್ರಿ ಎಂದು ಪತ್ರ ಬರೆಯುವವನು ಕೇಳಿದಾಗ ಮಕ್ಕಳಿಬ್ಬರೂ ನಕ್ಕಿದ್ದರಂತೆ. ನಕ್ಕು ಮರೆತುಬಿಟ್ಟಿದ್ದರು. ವೈನಿಯ ಹೆಸರು ಆ ಪತ್ರದಲ್ಲಿದೆ ಎಂಬುದನ್ನೂ ಅದರ ಜೊತೆಗೇ ಮರೆತಿದ್ದರು.

ಹದಿನೈದು ವರ್ಷ ಆ ಅಕ್ಕಡಿ ಅವಳ ಕೈಗೆ ಬಂತು. ಬಾಜು ಓಣಿಯ ಜೈನಬಿ ಕಳೆಗೂ ಸುಗ್ಗಿಗೂ ಜೊತೆಯಾಗುತ್ತಿದ್ದಳು. ನಾಲ್ಕರಲ್ಲೊಂದು ಪಾಲು ಅವಳಿಗೆ. ಮನೆಗೆ ಬೇಕಾದ ಎಣ್ಣೆಗೆ, ಬೇಳೆಗೆ ಇಟ್ಟು ಉಳಿದದ್ದನ್ನು ಇಬ್ಬರೂ ಗುಡಗೇರಿ ಸಂತೆಗೆ ಒಯ್ಯುತ್ತಿದ್ದರು. ಅದೇನು ದೊಡ್ಡ ದುಡ್ಡಲ್ಲ. ಯಾರನ್ನೂ ಕೇಳದೆ ಒಂದು ಸೀರೆ ಕೊಳ್ಳುವಷ್ಟು, ಯಾರನ್ನೂ ಕೇಳದೆ ತವರಿನ ಬಸ್ಸು ಹತ್ತುವಷ್ಟು.

1984ರಲ್ಲಿ ಮಡಿವಾಳೆಪ್ಪ ಇಡೀ ಹೊಲಕ್ಕೆ ಹೈಬ್ರಿಡ್ ಹತ್ತಿ ಹಾಕಿದ. ಹುಳಕ್ಕೆ ಎಣ್ಣೆ ಹೊಡೆಯುವಾಗ ನಡುವೆ ಬೇರೆ ಬೆಳೆ ಇರಬಾರದೆಂದು ಅಕ್ಕಡಿ ನಿಂತಿತು. ಕೇಳಿದಾಗ, ಬೇಳೆ ಕಿರಾಣಿ ಅಂಗಡಿಯಲ್ಲಿ ಸಿಗುತ್ತದಲ್ಲ ಎಂದ. ಆ ವರ್ಷ ತಿರ್ಲಾಪುರದಲ್ಲಿ ಅಣ್ಣನ ಮೊಮ್ಮಗಳ ತೊಟ್ಟಿಲು. ಮಹಾದೇವಕ್ಕ ಮೊದಲ ಸಲ ಬಸ್ಸಿನ ದುಡ್ಡು ಕೇಳಿದಳು. ಮಡಿವಾಳೆಪ್ಪ ಕೊಟ್ಟ. ಕೊಡುವಾಗ, ಯಾವಾಗ ತಿರುಗಿ ಬರ್ತಿ ಎಂದು ಕೇಳಿದ. ಸಿಟ್ಟಿನಿಂದೇನೂ ಕೇಳಲಿಲ್ಲ. ಅಡಿಗೆಯ ವ್ಯವಸ್ಥೆ ನೋಡಬೇಕಲ್ಲ, ಅದಕ್ಕೆ.

ಈಗ ಹುಬ್ಬಳ್ಳಿಯಲ್ಲಿ ಗುಮಾಸ್ತನಾಗಿದ್ದ ವಿರೂಪಾಕ್ಷಪ್ಪನಿಗೆ ಮನೆ ಕಟ್ಟುವ ಜಾಗಕ್ಕಾಗಿ ತನ್ನ ಪಾಲು ಮಾರಬೇಕಾಗಿತ್ತು. ಮಡಿವಾಳೆಪ್ಪನಿಗೆ ಹೊಲ ತನ್ನ ಹೆಸರಿಗೇ ಬೇಕಾಗಿತ್ತು. ಟ್ರಸ್ಟಿನ ಮುದ್ದತು ಮುಗಿಯಲು ಇನ್ನೂ ಎಂಟು ವರ್ಷ ಇತ್ತು.

ಸಹಿ ಆಗದೆ ತಿರುಗಿ ಬಂದ ಕಾಗದ ನೋಡಿ ಕುಂದಗೋಳದ ವಕೀಲರು ಆ ಹೆಣ್ಣುಮಗಳನ್ನೇ ಕರೆತನ್ನಿ ಎಂದರು. ಮುಂದಿನ ಸೋಮವಾರ ಮೂವರೂ ಹೋದರು. ವಕೀಲರು ಹಳೆಯ ಪತ್ರವನ್ನು ಮೊದಲಿನಿಂದ ಕಡೆಯವರೆಗೆ ಓದಿ ಹೇಳಿದರು. ಅಕ್ಕಡಿಯ ಸಾಲು ಬಂದಾಗ ಮಹಾದೇವಕ್ಕ ಇನ್ನೊಮ್ಮೆ ಓದಿಸಿದಳು.

"ನೋಡ್ರಿ, ಇದರಾಗ ಹಕ್ಕಿನವರು ಮೂರು ಮಂದಿ ಇದ್ದೀರಿ," ಎಂದರು ವಕೀಲರು. "ಮೂರೂ ಮಂದಿ ಒಪ್ಪಿದ್ರ ಮುದ್ದತಿನ ಮೊದಲ ಮುಗಸಲಿಕ್ಕೆ ಬರ್ತದ. ಒಬ್ಬರು ಒಲ್ಲೆ ಅಂದ್ರೂ ಕೋರ್ಟಿಗೆ ಹೋಗಬೇಕು. ಕೋರ್ಟಿನ್ಯಾಗ, ಎರಡು ವರ್ಷದ ಅಕ್ಕಡಿ ಎಲ್ಲಿ ಅಂತ ಮೊದಲ ನಿಮಗ ಕೇಳ್ತಾರ, ಮಡಿವಾಳೆಪ್ಪನವರ."

ಹೊಲ ಹಂಚಿದ ಮೇಲೆ ವೈನಿಯ ಗತಿ ಏನು ಎಂಬುದನ್ನು ಅಣ್ಣತಮ್ಮಂದಿರು ಆಗಲೇ ಮಾತಾಡಿಕೊಂಡಿದ್ದರು. ಆರು ತಿಂಗಳು ಮಡಿವಾಳೆಪ್ಪನ ಮನೆ, ಆರು ತಿಂಗಳು ವಿರೂಪಾಕ್ಷಪ್ಪನ ಮನೆ. ತಾಯಿಯ ಹಾಗೆ ನೋಡಿಕೊಳ್ಳುತ್ತೇವೆ ಎಂದ ವಿರೂಪಾಕ್ಷಪ್ಪ. ಅವನು ನಿಜವಾಗಿಯೂ ಹಾಗೇ ಅಂದುಕೊಂಡಿದ್ದ. ಮಹಾದೇವಕ್ಕನಿಗೆ ಮಾತ್ರ ಕಣ್ಣಮುಂದೆ ಎರಡು ಒಲೆ ಬಂದವು, ಒಂದು ಕಟ್ಟಿಗೆಯದು, ಇನ್ನೊಂದು ಸೀಮೆಎಣ್ಣೆಯದು.

"ನಾನೂ ಒಪ್ಪತೀನ್ರಿ," ಅಂದಳು ವಕೀಲರಿಗೆ. "ನನ್ನ ಸಾಲು ನನಗ ಒಂದ ಕಡೆ ಕೂಡಿಸಿ ಕೊಡ್ಲಿ."

ವಕೀಲರಿಗೆ ಅರ್ಥವಾಗಲಿಲ್ಲ.

"ನಮ್ಮದು ನಾಲ್ಕು ತಾಳಿನ ಕೂರಿಗಿರಿ. ಎರಡು ಸುತ್ತಿಗೆ ಎಂಟು ಸಾಲು. ಅಕ್ಕಡಿ ಸುತ್ತು ಬಿಟ್ಟು ಸುತ್ತಿಗೆ. ಏಳು ಜೋಳ, ಎಂಟನೇದು ಅಕ್ಕಡಿ. ಇಪ್ಪತ್ನಾಲ್ಕು ಎಕರೆದಾಗ ಎಂಟನೇ ಸಾಲು ಎಲ್ಲಾ ಬಾಜೂಕ ಬಾಜೂಕ ಜೋಡಿಸಿದ್ರ ಮೂರು ಎಕರೆ ಆಗತೈತಿ. ಆ ಮೂರು ಎಕರೆ ನನ್ನ ಹೆಸರಿಗೆ ಬರೀಲಿ, ನಾ ಸಹಿ ಮಾಡತೀನಿ."

ಮಡಿವಾಳೆಪ್ಪ ನಕ್ಕ. ಅಕ್ಕಡಿ ಅಂದರೆ ಕಾಳು, ನೆಲವಲ್ಲ ಎಂದ. ನೆಲ ಇಲ್ಲದೆ ಕಾಳು ಎಲ್ಲಿಂದ ಬಂದಿತ್ತು ಎಂದು ಅವಳು ಕೇಳಿದಳು. ವಕೀಲರು ನಗಲಿಲ್ಲ. ಪೆನ್ನಿನ ಮುಚ್ಚಳ ಹಾಕಿ, ಕಾಯ್ದೆಯಲ್ಲಿ ಇದು ಎಷ್ಟರಮಟ್ಟಿಗೆ ನಿಲ್ಲುತ್ತದೋ ತಿಳಿಯದು, ಆದರೆ ಕೋರ್ಟಿನಲ್ಲಿ ವರ್ಷಗಟ್ಟಲೆ ಕೂರುವುದಕ್ಕಿಂತ ಮನೆಯಲ್ಲಿ ಕೂತು ಬಗೆಹರಿಸಿಕೊಳ್ಳುವುದು ಮೇಲು ಎಂದರು.

ಅಲ್ಲಿಂದ ಐದು ತಿಂಗಳು ಆ ಮನೆಯಲ್ಲಿ ಮಾತು ಒಣಗಿತು. ಮಡಿವಾಳೆಪ್ಪ ರೊಟ್ಟಿ ಬೇಕಾದರೆ ತಾಟಿನ ಮೇಲೆ ಬೆರಳು ಬಡಿಯುತ್ತಿದ್ದ. ಮಹಾದೇವಕ್ಕ ಬಡಿಸುತ್ತಿದ್ದಳು. ಒಲ್ಲೆ ಎಂದ ಮೇಲೂ ಕೆಲಸ ಒಂದಿಷ್ಟೂ ಕಡಿಮೆಯಾಗಲಿಲ್ಲ. ಸಹಿ ಮಾಡದ ಕೈಯೇ ನಲವತ್ತು ರೊಟ್ಟಿ ಬಡಿಯುತ್ತಿತ್ತು. ಗಂಡ ಸತ್ತವಳಿಗೆ ಮುಪ್ಪಿನಲ್ಲಿ ಹೊಲದ ಆಸೆ ಹುಟ್ಟಿದೆ ಎಂದು ಊರಲ್ಲಿ ಆಡಿಕೊಂಡರು. ಅದು ಅವಳಿಗೆ ಅಷ್ಟು ತಾಗಲಿಲ್ಲ. ತಾಗಿದ್ದು ಅನ್ನವ್ವನ ಮಾತು.

ಒಂದು ಮಧ್ಯಾಹ್ನ ಇಬ್ಬರೂ ಹಿತ್ತಲಲ್ಲಿ ಪಾತ್ರೆ ಬೆಳಗುತ್ತಿದ್ದರು. ಗಂಡಸರು ಹೊಲದಲ್ಲಿದ್ದರು. ಅನ್ನವ್ವ ಬೂದಿಯ ಕೈಯಲ್ಲೇ ಹಣೆ ಒರೆಸಿಕೊಂಡು ಒಮ್ಮೆಗೇ ಅಂದಳು:

"ಯಕ್ಕಾ, ನಾ ಈ ಮನಿಗೆ ಬಂದು ಇಪ್ಪತ್ನಾಲ್ಕು ವರ್ಷ ಆತು. ಇವತ್ತು ಏನ ಪಲ್ಯ ಮಾಡೂದು ಅಂತ ಒಂದು ದಿನಾ ನಾ ಹೇಳಿಲ್ಲ. ನೀ ಒಲಿ ಮುಂದ ಕುಂತಿ, ನಾ ನಿನ್ನ ಹಿಂದ ನಿಂತೆ. ಬ್ಯಾರೆ ಆದ್ರ ನನಗೊಂದು ಒಲಿ ಬರತೈತಿ ಅಂತ ಕಾಯಾಕತ್ತೀನಿ. ನಿನ್ನ ಮೂರು ಎಕರೆ ಸಲುವಾಗಿ ನನ್ನ ಕಟ್ಟಿ ಹಾಕಬ್ಯಾಡ."

ಮಹಾದೇವಕ್ಕ ಕೊಡದ ಕಂಠ ಉಜ್ಜುತ್ತಲೇ ಇದ್ದಳು. ಮೂವತ್ತೇಳು ವರ್ಷ ಆ ಒಲೆಯ ಮುಂದೆ ಕೂತು ಅವಳ ಕಣ್ಣು ಹೊಗೆಗೆ ಕೆಂಪಾಗಿದ್ದವು, ಮೊಣಕಾಲು ಮಡಚುವುದೇ ಕಷ್ಟವಾಗಿತ್ತು. ಆ ಜಾಗಕ್ಕೂ ಯಾರಾದರೂ ಆಸೆಪಟ್ಟಾರೆಂದು ಅವಳು ಎಂದೂ ಯೋಚಿಸಿರಲಿಲ್ಲ. ಅನ್ನವ್ವನ ಬಾಣಂತನ ಮೂರೂ ತಾನೇ ಮಾಡಿದೆ, ಯಾವತ್ತೂ ಒಂದು ಕೆಟ್ಟ ಮಾತು ಆಡಿಲ್ಲ ಎಂದು ಹೇಳಬೇಕೆನ್ನಿಸಿತು. ಹೇಳಲಿಲ್ಲ. ಕೆಟ್ಟ ಮಾತು ಆಡದೆಯೂ ಒಬ್ಬಳನ್ನು ಇಪ್ಪತ್ನಾಲ್ಕು ವರ್ಷ ಹಿಂದೆ ನಿಲ್ಲಿಸಬಹುದು ಎಂಬುದು ಆಗಷ್ಟೇ ಹೊಳೆದಿತ್ತು.

"ನಾ ಕಟ್ಟಿಲ್ಲ, ಅನ್ನವ್ವ," ಅಂದಳು ಕಡೆಗೆ. "ನಿನ್ನ ಗಂಡ ನನ್ನ ಸಾಲು ಕೊಟ್ರ ಅವತ್ತ ಮುಗೀತು. ಎಂಟಕ್ಕೊಂದು ಇತ್ತೋ ಇಲ್ಲೋ ನಿನಗ ಗೊತ್ತಿಲ್ಲೇನು?"

ಅನ್ನವ್ವ ಬೆಳಗಿದ ತಾಟುಗಳನ್ನು ಎತ್ತಿಕೊಂಡು ಒಳಗೆ ಹೋದಳು.

ಸುಗ್ಗಿ ಮುಗಿದ ಮೇಲೆ ಊರ ಹಿರಿಯರಿಬ್ಬರನ್ನು ಪಡಸಾಲೆಯಲ್ಲಿ ಕೂಡಿಸಿದರು. ಹುಬ್ಬಳ್ಳಿಯಿಂದ ವಿರೂಪಾಕ್ಷಪ್ಪ ಬಂದ. ಮಹಾದೇವಕ್ಕ ಕಂಬದ ಹತ್ತಿರ ಕೂತಳು. ಮಡಿವಾಳೆಪ್ಪ ಹನ್ನೆರಡು ಸಾಲಿಗೊಂದು ಅಕ್ಕಡಿ ಇತ್ತು, ಅದೂ ಎಲ್ಲ ವರ್ಷ ಇರಲಿಲ್ಲ ಎಂದ. ವಿರೂಪಾಕ್ಷಪ್ಪ ತನಗೆ ನೆನಪಿಲ್ಲ ಎಂದ. ಅವನಿಗೆ ನಿಜಕ್ಕೂ ನೆನಪಿರಲಿಲ್ಲ. ಹಿರಿಯರಲ್ಲೊಬ್ಬ, ಹೆಂಗಸರ ಕಾಲ ಕೆಳಗಿನ ಸಾಲು ಎಣಿಸಿದವರು ಯಾರಪ್ಪ ಎಂದು ನಕ್ಕ.

"ಎಂಟಕ್ಕೊಂದ್ರಿ."

ಅಡಿಗೆಮನೆಯ ಬಾಗಿಲಲ್ಲಿ ಅನ್ನವ್ವ ನಿಂತಿದ್ದಳು. ಸೆರಗು ತಲೆಯ ಮೇಲಿತ್ತು, ಕಣ್ಣು ನೆಲದ ಮೇಲಿತ್ತು.

"ನಿನಗ ಯಾರು ಕೇಳಿದ್ರು?" ಎಂದ ಮಡಿವಾಳೆಪ್ಪ.

"ಯಾರೂ ಕೇಳಿಲ್ಲ ಅಂತನ ಹೇಳಾಕತ್ತೀನಿ. ಯಕ್ಕನ ಕಾಲಿಗೆ ಮುಳ್ಳು ನಟ್ಟ ವರ್ಷ ನಾನೂ ಉಡಿಯಾಗ ಬೀಜ ಕಟಗೊಂಡು ಅಡ್ಡಾಡೀನಿ. ಎಂಟಕ್ಕೊಂದು."

ಹೆಂಡತಿ ಹತ್ತು ಮಂದಿಯ ಎದುರು ಮಾತಾಡಿದ ಮೇಲೆ ಹನ್ನೆರಡು ಎಂಬ ಮಾತಿಗೆ ಬೆಲೆ ಉಳಿಯಲಿಲ್ಲ. ವಿರೂಪಾಕ್ಷಪ್ಪನಿಗೂ ಬೇಗ ಮುಗಿದರೆ ಸಾಕಾಗಿತ್ತು. ಮೂರು ಎಕರೆ ಕೊಡುವುದೆಂದಾಯಿತು, ಹಳ್ಳದ ದಂಡೆಯದು, ಮಳೆ ಹೆಚ್ಚಾದರೆ ನೀರು ನಿಲ್ಲುವ ಹೊಲ.

ಆಗ ಮಡಿವಾಳೆಪ್ಪ ಒಂದು ಕರಾರು ಹಾಕಿದ. ಪಾಲು ತಗೊಂಡವರಿಗೆ ಪಾಲಷ್ಟೇ. ಕೋಣೆ, ಅನ್ನ, ಬಟ್ಟೆ ಎಂದು ಅಪ್ಪ ಬರೆಸಿದ್ದೆಲ್ಲ ಇಲ್ಲಿಗೆ ಮುಗಿಯಿತು. ಅದು ಬೇಕಾದರೆ ಹೊಲ ಇಲ್ಲ. ಹಿರಿಯರು ಅದು ಸರಿ ಎಂದರು. ಮಹಾದೇವಕ್ಕ ಯೋಚಿಸಲು ಎರಡು ದಿನ ಕೇಳಿದಳು. ಆ ಎರಡು ದಿನವೂ ಅಡಿಗೆ ಮಾಡಿದಳು. ಮೂರನೆಯ ದಿನ ಕುಂದಗೋಳದ ಕಚೇರಿಗೆ ಹೋಗಿ, ಹೊಸ ಪತ್ರವನ್ನು ಎರಡು ಸಲ ಓದಿಸಿ ಕೇಳಿ, ಹೆಸರು ಬರೆದಳು. ತಿರುಗಿ ಬರುವಾಗ ಬಸ್ಸಿನಲ್ಲಿ ಮಡಿವಾಳೆಪ್ಪ ಅವಳಿಗೆ ಟಿಕೀಟು ತೆಗೆಯಲಿಲ್ಲ. ಅವಳ ಉಡಿಯಲ್ಲಿ ಜೈನಬಿ ಕಟ್ಟಿಕೊಟ್ಟಿದ್ದ ಐದು ರೂಪಾಯಿ ಇತ್ತು.

ಜೈನಬಿಯ ಮನೆಗೆ ಹತ್ತಿದ ಒಂದು ಅಂಕಣದ ಕೋಣೆ ಖಾಲಿ ಇತ್ತು. ಮಹಾದೇವಕ್ಕ ಅಲ್ಲಿ ಬಾಡಿಗೆಗೆ ಹೋದಳು. ಲಿಂಗ ಕಟ್ಟಿದವಳು ಸಾಬರ ಓಣಿಗೆ ಹೋದಳೆಂದು ಮತ್ತೊಂದಿಷ್ಟು ದಿನ ಊರಿಗೆ ಮಾತಾಯಿತು. ಜೈನಬಿಯ ಗಂಡ ದಾವೂದಸಾಬ ತನ್ನ ಎತ್ತುಗಳಿಂದ ಮೂರು ಎಕರೆ ಹರಗಿ, ಬಿತ್ತಿಕೊಟ್ಟ. ಮೊದಲ ದಿನಗಳಲ್ಲಿ ಅವಳಿಗೆ ನಸುಕಿನಲ್ಲೇ ಎಚ್ಚರವಾಗುತ್ತಿತ್ತು. ಎದ್ದು ಕೂತು, ಎರಡೇ ರೊಟ್ಟಿ ಬಡಿಯಲು ಇಷ್ಟು ಬೇಗ ಏಳುವುದು ಯಾಕೆಂದು ತಿಳಿಯದೆ ಗೋಡೆಗೆ ಒರಗುತ್ತಿದ್ದಳು. ಹಿಟ್ಟು ಎಷ್ಟು ಕಲಸಬೇಕೆಂಬ ಅಂದಾಜು ತಪ್ಪಿ ದಿನಾ ಮಿಕ್ಕುತ್ತಿತ್ತು.

ಹೊಲದಲ್ಲಿ ಭೂತಾಯಿಗೆ ಎಡೆ ಚೆಲ್ಲುವ ಎಳ್ಳಮಾಸಿಯ ಹಿಂದಿನ ಸಂಜೆ ಅನ್ನವ್ವ ಬಂದಳು. ಮಹಾದೇವಕ್ಕ ಆ ಮನೆ ಬಿಟ್ಟ ಮೇಲೆ ಅವಳು ಬಂದದ್ದು ಅದೇ ಮೊದಲು. ಸೊರಗಿದ್ದಳು. ಒಲೆ ಸಿಕ್ಕಿತ್ತು, ಹಿಂದೆ ನಿಲ್ಲುವವರು ಯಾರೂ ಇರಲಿಲ್ಲ; ಮಗಳು ಕಾಲೇಜೆಂದು ಹುಬ್ಬಳ್ಳಿಗೆ ಹೋಗಿದ್ದಳು.

"ನಾಳಿ ಹೊಲಕ್ಕ ಚರಗ ಐತಿ, ಯಕ್ಕಾ. ಹುಬ್ಬಳ್ಳಿಯವರೂ ಬರತಾರ. ನೀ ನಸುಕಿನ್ಯಾಗ ಬಾ."

"ಉಣ್ಣಾಕ ಕರಿಯಾಕತ್ತೀಯೋ, ಮಾಡಾಕೋ?"

ಅನ್ನವ್ವ ಮೂಲೆಯ ಸಣ್ಣ ಒಲೆಯತ್ತ ನೋಡಿದಳು.

"ಉಣ್ಣಾಕಾದ್ರ ಹೊತ್ತೇರಿದ ಮ್ಯಾಲ ಬರತೀನಿ. ಮಾಡಾಕಾದ್ರ ಕೂಲಿ ಎಷ್ಟು ಅಂತ ಹೇಳು."

ಅಂದ ಮೇಲೆ ಮಹಾದೇವಕ್ಕನಿಗೇ ತನ್ನ ದನಿ ಬೇರೆ ಯಾರದೋ ಅನ್ನಿಸಿತು.

"ಅವತ್ತು ಬಾಗಿಲದಾಗ ನಿಂತು ಮಾತಾಡಿದ್ದಕ್ಕ ನಾ ಕೂಲಿ ಕೇಳಿದ್ನೇನು?" ಅಂದಳು ಅನ್ನವ್ವ. ಆ ರಾತ್ರಿ ಗಂಡ ಏನು ಮಾಡಿದ ಎಂಬುದನ್ನು ಅವಳು ಅಂದೂ ಹೇಳಿರಲಿಲ್ಲ, ಇಂದೂ ಹೇಳಲಿಲ್ಲ. ಎದ್ದು ಸೆರಗು ಸರಿಮಾಡಿಕೊಂಡು, "ಉಣ್ಣಾಕ ಬಾ," ಎಂದು ಹೊರಟುಹೋದಳು.

ಮಹಾದೇವಕ್ಕ ನಸುಕಿನಲ್ಲಿ ಹೋಗಲಿಲ್ಲ. ಹೋಗಬೇಕೆನ್ನಿಸಿತ್ತು, ಎರಡು ಸಲ ಬಾಗಿಲವರೆಗೆ ಹೋಗಿ ತಿರುಗಿ ಬಂದಳು. ಹೊತ್ತೇರಿದ ಮೇಲೆ ತನ್ನ ಹೊಲಕ್ಕೆ ಚರಗ ಚೆಲ್ಲಿ, ಬದುವಿನ ಗುಂಟ ಆಚೆಯ ಹೊಲಕ್ಕೆ ನಡೆದಳು. ಈ ಸಲ ಮತ್ತೆ ಬಿತ್ತಿದ್ದ ಜೋಳದ ನಡುವೆ ಕಂಬಳಿ ಹಾಸಿ ಎಲ್ಲರೂ ಕೂತಿದ್ದರು. ಮಡಿವಾಳೆಪ್ಪ ಅವಳನ್ನು ನೋಡಿ ಮುಖ ತಿರುವಿದ, ಬರಬೇಡ ಎನ್ನಲಿಲ್ಲ. ವಿರೂಪಾಕ್ಷಪ್ಪನ ಹೆಂಡತಿ ಸರಿದು ಜಾಗ ಮಾಡಿದಳು. ಅನ್ನವ್ವ ತಾಟು ತಂದಿಟ್ಟು ಬಡಿಸಿದಳು. ಎಳ್ಳು ಹಚ್ಚಿದ ಸಜ್ಜೆರೊಟ್ಟಿ, ಎಣ್ಣೆಗಾಯಿ ಬದನೆಕಾಯಿ, ಪುಂಡಿಪಲ್ಯ. ರೊಟ್ಟಿಯ ಅಂಚು ದಪ್ಪ ಇತ್ತು. ಅನ್ನವ್ವನ ಮಣಿಕಟ್ಟಿನ ಮೇಲೆ ಹಂಚು ತಾಗಿದ ಎರಡು ಗೆರೆಗಳಿದ್ದವು, ಒಂದು ಹಳೆಯದು, ಒಂದು ಇಂದಿನದು.

ಎಲ್ಲರಿಗೂ ಎರಡೆರಡು ಸಲ ಬಡಿಸಿ ಮುಗಿದ ಮೇಲೆ ಅನ್ನವ್ವ ತನ್ನ ತಾಟು ಹಾಕಿಕೊಂಡು ಕಂಬಳಿಯ ತುದಿಗೆ ಕೂತಳು. ಆಗ ವಿರೂಪಾಕ್ಷಪ್ಪ, ಮಾತಿನ ನಡುವೆ, ಈ ಕಡೆ ನೋಡದೆಯೇ ತನ್ನ ತಾಟನ್ನು ಮಹಾದೇವಕ್ಕನತ್ತ ಚಾಚಿದ.

"ವೈನಿ, ಒಂದು ರೊಟ್ಟಿ."

ಮೂರು ವರ್ಷದವನಿದ್ದಾಗಿನಿಂದ ಅವನು ಹಾಗೆಯೇ ಚಾಚಿದ್ದ. ಮಹಾದೇವಕ್ಕನ ಎಡಗೈ ನೆಲಕ್ಕೆ ಊರಿತು, ಮೊಣಕಾಲು ಅರ್ಧ ಎದ್ದಿತ್ತು. ಅವಳು ಅದನ್ನು ಕೆಳಗೆ ಇಳಿಸಿದಳು. ತನ್ನ ತಾಟಿನತ್ತ ನೋಡುತ್ತ ಒಂದು ತುತ್ತು ಮುರಿದಳು. ತಾಟು ಗಾಳಿಯಲ್ಲೇ ಇತ್ತು.

ಅನ್ನವ್ವ ಬಾಯಿಗೆ ಒಯ್ದ ಮೊದಲ ತುತ್ತನ್ನು ತಿರುಗಿ ತಾಟಿಗಿಟ್ಟು, ಎಂಜಲು ಕೈ ಸೀರೆಗೆ ತಾಗದಂತೆ ಹಿಡಿದುಕೊಂಡು, ಎದ್ದಳು.